ಮೂವತ್ತಮೂರನೇ ಸಾಲು

ಫೆಬ್ರವರಿ 23, 2025, ಭಾನುವಾರ

ಭಾನುವಾರವೂ ಡ್ಯೂಟಿ. ತೆಲಂಗಾಣದ ಗುರುಕುಲ ವಸತಿ ಶಾಲೆಗಳ ಐದನೇ ತರಗತಿ ಪ್ರವೇಶ ಪರೀಕ್ಷೆ. ಬರೆಯಲು ಬಂದವರೆಲ್ಲ ನಾಲ್ಕನೇ ತರಗತಿಯ ಮಕ್ಕಳು, ಹೈಸ್ಕೂಲು ಬೆಂಚಿನ ಮೇಲೆ ಕುಳಿತರೆ ಕಾಲು ನೆಲ ಮುಟ್ಟುವುದಿಲ್ಲ. ನನ್ನ ಕೋಣೆಯಲ್ಲೊಬ್ಬಳು ಓಎಂಆರ್ ಹಾಳೆಯ ಪ್ರತಿ ದುಂಡು ತುಂಬಿದ ಮೇಲೂ ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ತೆಗೆದು, ಮುಂದಿನದಕ್ಕೆ ಹೋಗುತ್ತಿದ್ದಳು. ಶಾಯಿ ಒಣಗುತ್ತದೆ ಎಂದು ಮನೆಯಲ್ಲಿ ಯಾರೋ ಹೆದರಿಸಿ ಕಳಿಸಿದ್ದರು ಅಂತ ಕಾಣುತ್ತದೆ.

ಒಂದು ಗಂಟೆಗೆ ಬಿಟ್ಟಾಗ ಗೇಟಿನ ಹೊರಗೆ ಬೇವಿನ ನೆರಳಲ್ಲಿ ತಾಯಂದಿರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಒಬ್ಬಾಕೆ ನನ್ನನ್ನು ತೆಲುಗಿನಲ್ಲಿ ಮಾತಾಡಿಸಿ, ನಾನು ಕನ್ನಡದಲ್ಲಿ ಉತ್ತರ ಕೊಟ್ಟ ಕೂಡಲೇ ಸಲಿಗೆಗೆ ಬಂದಳು. “ಟೀಚರ್, ನಮ್ಮ ಹುಡುಗಿ ಎಲ್ಲಾ ಬರದೀನಿ ಅಂತಾಳ್ರೀ. ಸೀಟ್ ಸಿಗ್ತದೇನ್ರೀ?” ಸಿಗಲಿ ಅಂದೆ. ಮನಸ್ಸಿನಿಂದಲೇ ಅಂದೆ. ಸೀಟು ಸಿಕ್ಕರೆ ಊಟ, ವಸತಿ, ಪುಸ್ತಕ ಎಲ್ಲ ಸರ್ಕಾರದ್ದು, ಇಂಟರ್ ಮುಗಿಯುವವರೆಗೂ ತಾಯಿಗೆ ಆ ಚಿಂತೆ ಇಲ್ಲ.

ಆದರೆ ಹೈಸ್ಕೂಲು ಟೀಚರ್ ಆಗಿ ಈ ಪರೀಕ್ಷೆಯ ಬಗ್ಗೆ ನನಗೆ ಎರಡು ಮನಸ್ಸು. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಓದಿನಲ್ಲಿ ಚುರುಕಾದವರು, ಹಿಂದೆ ಬಿದ್ದು ಫಾರಂ ತುಂಬಿಸುವ ತಂದೆತಾಯಿ ಇರುವವರು, ಒಂಬತ್ತನೇ ವಯಸ್ಸಿಗೇ ಆಯ್ಕೆಯಾಗಿ ಹೊರಟುಬಿಡುತ್ತಾರೆ. ಉಳಿದವರು ಆರನೇ ತರಗತಿಗೆ ನಮ್ಮಲ್ಲಿಗೆ ಬರುತ್ತಾರೆ. ಆಮೇಲೆ ಹತ್ತನೇ ತರಗತಿಯ ಫಲಿತಾಂಶದ ದಿನ ಗುರುಕುಲವನ್ನೂ ಜಿಲ್ಲಾ ಪರಿಷತ್ ಶಾಲೆಯನ್ನೂ ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಬರೆದು ತೋರಿಸುತ್ತಾರೆ. ಈ ಮಾತನ್ನು ಸ್ಟಾಫ್‌ರೂಮಿನಲ್ಲಿ ಹೇಳಿದರೆ ನೆಪ ಅನ್ನುತ್ತಾರೆ. ಹಾಗಾಗಿ ಇಲ್ಲಿ ಬರೆಯುತ್ತೇನೆ.

ಫೆಬ್ರವರಿ 28, ಶುಕ್ರವಾರ

ರಾಷ್ಟ್ರೀಯ ವಿಜ್ಞಾನ ದಿನ. ರಾಮನ್ ಅವರು 1928ರಲ್ಲಿ ಇದೇ ದಿನ ತಮ್ಮ ಶೋಧವನ್ನು ಪ್ರಕಟಿಸಿದ ನೆನಪಿಗೆ. ಭಾಷಣ ಮೂರು, ಅವುಗಳ ಬಗ್ಗೆ ಬರೆಯಲು ಏನೂ ಇಲ್ಲ.

ಬರೆಯಬೇಕಾದದ್ದು ಎಂಟನೇ ತರಗತಿಯವರ ಟೇಬಲ್. ಜ್ವಾಲಾಮುಖಿ, ಸೌರಮಂಡಲ, ಥರ್ಮೊಕೋಲಿನ ಮಳೆಕೊಯ್ಲು ಪ್ರತಿ ವರ್ಷದಂತೆ ಇದ್ದವು. ಅವುಗಳ ಮಧ್ಯೆ ನಾಲ್ಕು ಗಾಜಿನ ಬಾಟಲಿ. ಫರ್ಸಿ ಕಲ್ಲಿನ ಪಾಲಿಶ್ ಯೂನಿಟ್‌ನಿಂದ ಹೊರಬೀಳುವ ಬೂದುಬಣ್ಣದ ಕೆಸರನ್ನು ಹುಡುಗರು ತಂದಿದ್ದರು. ಒಂದರಲ್ಲಿ ಹಾಗೆಯೇ ಬಿಟ್ಟದ್ದು, ಒಂದರಲ್ಲಿ ಪಟಿಕ ಹಾಕಿದ್ದು, ಒಂದರಲ್ಲಿ ಬಟ್ಟೆಯಿಂದ ಸೋಸಿದ್ದು, ಒಂದರಲ್ಲಿ ಕಾಗ್ನಾ ಹೊಳೆಯ ನೀರು. ಯಾವುದು ಎಷ್ಟು ಹೊತ್ತಿಗೆ ತಿಳಿಯಾಯಿತೆಂದು ಗೋಡೆಗೆ ಚಾರ್ಟ್ ಅಂಟಿಸಿದ್ದರು. ಪಕ್ಕದಲ್ಲಿ ತಳದ ಪುಡಿಗೆ ಸಿಮೆಂಟ್ ಬೆರೆಸಿ ಮಾಡಿದ ಒಂದು ಇಟ್ಟಿಗೆ. ಇಟ್ಟಿಗೆ ಮೂಲೆಯಲ್ಲಿ ಮುಕ್ಕಾಗಿತ್ತು, ಅದನ್ನೂ ಮುಚ್ಚಿಡದೆ “ಇನ್ನೂ ಗಟ್ಟಿ ಆಗಬೇಕು” ಎಂದು ಚೀಟಿ ಬರೆದಿದ್ದರು.

ನಮ್ಮ ತಾಂಡೂರೆಂದರೆ ಹೊರಗಿನವರಿಗೆ ಎರಡೇ ಗೊತ್ತು, ಕಲ್ಲು ಮತ್ತು ತೊಗರಿ. ತೊಗರಿಗೆ 2022ರಲ್ಲಿ ಜಿಐ ಮಾನ್ಯತೆಯೂ ಬಂತು. ಕಲ್ಲು ದೇಶದ ಎಷ್ಟೋ ಮನೆಗಳ ನೆಲಕ್ಕೆ ಹೋಗುತ್ತದೆ, ಅದರ ಕೆಸರು ನಮ್ಮೂರ ಚರಂಡಿಗೆ. ಆ ಕೆಸರಿನಲ್ಲಿ ವಿಜ್ಞಾನ ಇದೆ ಎಂದು ಹದಿಮೂರು ವರ್ಷದ ಹುಡುಗರಿಗೆ ತಾವಾಗಿಯೇ ಹೊಳೆದದ್ದು ಚಿಕ್ಕ ವಿಷಯವಲ್ಲ. ತೀರ್ಪುಗಾರರು ಬಹುಮಾನವನ್ನು ಬೆಳಕು ಮಿನುಗುವ ಜ್ವಾಲಾಮುಖಿಗೆ ಕೊಟ್ಟರು.

ಮಾರ್ಚ್ 7, ಶುಕ್ರವಾರ

ಹತ್ತನೇ ತರಗತಿಗೆ ಸಂಜೆಯ ವಿಶೇಷ ತರಗತಿಗಳು ನಡೆದಿವೆ. ಸರ್ಕಾರ ಈ ವರ್ಷವೂ ಸಂಜೆಯ ತಿಂಡಿಗೆ ದುಡ್ಡು ಕೊಟ್ಟಿದೆ: ಒಂದು ದಿನ ಬೇಯಿಸಿದ ಅಲಸಂದೆ, ಒಂದು ದಿನ ಶೇಂಗಾ-ಬೆಲ್ಲ, ಒಂದು ದಿನ ಉಳ್ಳಾಗಡ್ಡಿ ಪಕೋಡ. ಪಕೋಡದ ದಿನ ಹಾಜರಿ ಹೆಚ್ಚು. ರಂಜಾನ್ ತಿಂಗಳು ನಡೆದಿರುವುದರಿಂದ ತರಗತಿಯ ಮೂರರಲ್ಲೊಂದು ಪಾಲು ಮಕ್ಕಳು ಉಪವಾಸ. ಅವರ ಪಾಲನ್ನು ಅಡುಗೆಯ ಅಮ್ಮ ಪೇಪರ್ ಪೊಟ್ಟಣ ಕಟ್ಟಿ ಕೊಡುತ್ತಾಳೆ, ಇಫ್ತಾರಿಗೆ ಮನೆಗೆ ಒಯ್ಯುತ್ತಾರೆ. ಹೀಗೆ ಮಾಡೆಂದು ಯಾವ ಸುತ್ತೋಲೆಯೂ ಬಂದಿಲ್ಲ.

ನನ್ನ ಪಾಡು ಗಣಿತ. ಹದಿನಾಲ್ಕು ಅಧ್ಯಾಯ. ನೂರರಲ್ಲಿ 20 ಅಂಕ ಶಾಲೆಯದು, 80 ಹೊರಗಿನ ಪರೀಕ್ಷೆಯದು, ಆ 80ರಲ್ಲಿ 28 ಬಂದರೆ ಪಾಸು. ಮಾರ್ಚಿನಲ್ಲಿ ನಮ್ಮಂಥ ಶಾಲೆಗಳ ಗಣಿತವೆಲ್ಲ ಈ ಇಪ್ಪತ್ತೆಂಟಕ್ಕೆ ಬಂದು ನಿಲ್ಲುತ್ತದೆ. ಒಂದು ಗ್ರಾಫ್, ಒಂದು ತ್ರಿಭುಜ ರಚನೆ, ಸರಾಸರಿಯ ಒಂದು ಕೋಷ್ಟಕ, ಸಂಭವನೀಯತೆಯ ಒಂದು ಲೆಕ್ಕ, ಬಿಟ್ ಪೇಪರಿನಲ್ಲಿ ಅರ್ಧ. ಇಷ್ಟನ್ನು ಮತ್ತೆ ಮತ್ತೆ ಮಾಡಿಸುವುದು. ಇದು ಗಣಿತ ಕಲಿಸುವ ರೀತಿಯೇ ಅಲ್ಲ. ಆದರೆ ಎಂಟನೇ ತರಗತಿಯವರೆಗೆ ಯಾರನ್ನೂ ನಪಾಸು ಮಾಡದೆ ತಂದು ನಿಲ್ಲಿಸಿದ ಮಕ್ಕಳಿಗೆ, ಜೀವನದಲ್ಲಿ ಮೊದಲ ಸಲ ನಪಾಸು ಎಂಬ ಪದ ಎದುರಾಗುವ ಹದಿನೈದು ದಿನ ಮೊದಲು, ಗಣಿತದ ಸೌಂದರ್ಯ ಹೇಳುತ್ತ ಕೂರುವ ಧೈರ್ಯ ನನಗಿಲ್ಲ.

ಕೊನೇ ಬೆಂಚಿನ ಹುಡುಗ ಈ ವಾರವೆಲ್ಲ ಸಂಜೆ ಬಂದಿಲ್ಲ. ತರಗತಿ ಮುಗಿಸಿ ಪಿಇಟಿ ಸರ್ ಜೊತೆ ಅವನು ಕೆಲಸ ಮಾಡುವ ಪಾಲಿಶ್ ಯೂನಿಟ್ ಕಡೆಗೇ ಹೋದೆ. ಮಷೀನ್ ಸದ್ದಿಗೆ ಮಾತು ಕೇಳದು. ಹುಡುಗ ಮಂಡಿವರೆಗೆ ಕೆಸರು ಮೆತ್ತಿಕೊಂಡು ಫರ್ಸಿ ಎತ್ತಿ ಸಾಲಾಗಿ ನಿಲ್ಲಿಸುತ್ತಿದ್ದ. ನನ್ನನ್ನು ಕಂಡು ಓಡಿಹೋಗುತ್ತಾನೆ ಅಂದುಕೊಂಡಿದ್ದೆ, ಓಡಲಿಲ್ಲ. ಲಾರಿಗೆ ಲೋಡ್ ಆಗುತ್ತಿತ್ತು. ಇಪ್ಪತ್ತೆರಡು ಇಂಚಿನ ಚೌಕ ಫರ್ಸಿ, ಒಂದಕ್ಕೆ ಎಷ್ಟು ಚದರಡಿ ಎಂದು ಕೇಳಿದೆ. “ಮೂರೂ ಮೂವತ್ತಾರು, ಟೀಚರ್” ಅಂದ, ನಾನು ಇಪ್ಪತ್ತೆರಡನ್ನು ಇಪ್ಪತ್ತೆರಡರಿಂದ ಗುಣಿಸಿ ನೂರಾ ನಲವತ್ನಾಲ್ಕರಿಂದ ಭಾಗಿಸಲು ಶುರು ಮಾಡುವ ಮೊದಲೇ. ನೂರು ಫರ್ಸಿಗೆ? “ಮುನ್ನೂರಾ ಮೂವತ್ತಾರು. ಸೇಟು ಮುನ್ನೂರಾ ಮೂವತ್ತೇ ಹಿಡೀತಾನ್ರೀ, ಒಡದದ್ದು ಕಳದು.” ಒಡೆದದ್ದನ್ನು ಕಳೆಯುವುದು ನಮ್ಮ ಪುಸ್ತಕದಲ್ಲಿಲ್ಲ.

ಅವನ ಅಪ್ಪ ಅಲ್ಲೇ ಕಟಿಂಗ್ ಮಷೀನ್ ಮೇಲೆ. “ಮನ್ಯಾಗ ಒಬ್ಬರ ಕೂಲಿ ಸಾಲಲ್ರೀ” ಅಂದ. ವಾದ ಮಾಡಲಿಲ್ಲ. ಪರೀಕ್ಷೆ ನಡೆಯುವ ಮಾರ್ಚ್ 21ರಿಂದ ಏಪ್ರಿಲ್ 2ರವರೆಗೆ ಇವನು ಇಲ್ಲಿಗೆ ಬರಬಾರದು, ಅಷ್ಟರ ಮಟ್ಟಿಗೆ ಮಾತು ಕೊಡಿ ಅಂದೆ. ಅಪ್ಪ ಸ್ವಲ್ಪ ಯೋಚಿಸಿ ಹದಿನೈದನೇ ತಾರೀಖಿನಿಂದಲೇ ಬಿಡುತ್ತೇನೆ ಅಂದ.

ಮಾರ್ಚ್ 12, ಬುಧವಾರ

ಸ್ವಪರಿಪಾಲನಾ ದಿನ. ಹತ್ತನೆಯವರು ಸೀರೆ ಉಟ್ಟು, ಪಂಚೆ ಸುತ್ತಿ, ಒಂದು ದಿನದ ಮೇಷ್ಟ್ರಾದರು. ಹೆಡ್ಮಾಸ್ಟರ್ ಆದವನು ಎಂಟು ಗಂಟೆಗೇ ಬಂದು ತಡವಾಗಿ ಬಂದ ನಿಜವಾದ ಮೇಷ್ಟ್ರುಗಳ ಪಟ್ಟಿ ಬರೆದಿಟ್ಟಿದ್ದ.

ನನ್ನ ವಿಷಯ ತೆಗೆದುಕೊಂಡವಳು ಬಶೀರಾಬಾದ್ ಕಡೆಯ ಹುಡುಗಿ. ತಂದೆತಾಯಿ ಸಂಕ್ರಾಂತಿ ಮುಗಿಸಿಕೊಂಡು ಪುಣೆಗೆ ಕಟ್ಟಡ ಕೆಲಸಕ್ಕೆ ಹೋದವರು ಮಳೆಗಾಲಕ್ಕೇ ಬರುವುದು. ಅವಳು ಅಜ್ಜಿಯ ಹತ್ತಿರ ಉಳಿದಿದ್ದಾಳೆ. ತೊಗರಿ ರಾಶಿ ಮುಗಿದ ಮೇಲೆ ಇತ್ತ ಕೂಲಿ ಇಲ್ಲ, ಊರೂರೇ ಹೀಗೆ ಹೊರಡುತ್ತದೆ. ಎಷ್ಟೋ ಮಕ್ಕಳು ಜೊತೆಗೆ ಹೋಗಿಬಿಡುತ್ತಾರೆ, ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚು ಖಾಲಿ. ಇವಳು ಉಳಿದದ್ದು ಅಜ್ಜಿಯ ಹಟದಿಂದ.

ಆರನೆಯವರಿಗೆ ಸರಳ ಸಮೀಕರಣ ಹೇಳಿಕೊಟ್ಟಳು. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಇಂಗ್ಲಿಷಿನಲ್ಲಿ ಬೋರ್ಡ್ ಮೇಲೆ ಬರೆದು, ತೆಲುಗಿನಲ್ಲಿ ವಿವರಿಸಿ, ಮೂಲೆಯಲ್ಲಿ ಮುಖ ಸಪ್ಪೆ ಮಾಡಿಕೊಂಡಿದ್ದ ಇಬ್ಬರ ಹತ್ತಿರ ಹೋಗಿ ಕನ್ನಡದಲ್ಲಿ “ಈ ಕಡೀದು ಆ ಕಡಿ ಹೋದ್ರ ಕೂಡಿಸೋದು ಕಳಿಯೋದು ಯಾಕಾಗ್ತದ ಹೇಳ್ರಿ” ಅಂತ ಕೇಳಿದಳು. ಯಾಕೆ ಎಂದು ಕೇಳಿದಳಲ್ಲ, ಅದು ನನಗೆ ಹಿಡಿಸಿತು. ನಾವೆಲ್ಲ ಹೋದರೆ ಬದಲಾಗುತ್ತದೆ ಎಂದಷ್ಟೇ ಹೇಳಿ ಮುಂದೆ ಸಾಗುತ್ತೇವೆ. ನನ್ನ ಹಾಗೆ ಕನ್ನಡಕ ಹಣೆಗೇರಿಸಿಕೊಂಡು ನಡೆದದ್ದಕ್ಕೆ ಇಡೀ ವರಾಂಡ ನಕ್ಕಿತು.

ಮಾರ್ಚ್ 15, ಶನಿವಾರ

ಒಂದೇ ಹೊತ್ತಿನ ಶಾಲೆ ಶುರು, ಎಂಟರಿಂದ ಹನ್ನೆರಡೂವರೆ. ನಿನ್ನೆ ಹೋಳಿಯ ಬಣ್ಣ ಯಾರ ಕಿವಿಯಿಂದಲೂ ಹೋಗಿಲ್ಲ. ಪಾಲಿಶ್ ಯೂನಿಟ್‌ನ ಹುಡುಗ ಬಂದಿದ್ದ. ಅಪ್ಪ ಮಾತು ಉಳಿಸಿಕೊಂಡ.

ಮಾರ್ಚ್ 20, ಗುರುವಾರ

ಹಾಲ್ ಟಿಕೆಟ್ ಹಂಚಿ, ಫೋಟೊ ಸರಿ ಇದೆಯೇ ನೋಡಿ, ಒಂಬತ್ತೂವರೆಗೆ ಪರೀಕ್ಷೆ, ಐದು ನಿಮಿಷಕ್ಕಿಂತ ತಡವಾದರೆ ಒಳಗೆ ಬಿಡುವುದಿಲ್ಲ ಎಂದು ಮೂರು ಭಾಷೆಯಲ್ಲಿ ಹೇಳಿ ಗಂಟಲು ಕಟ್ಟಿದೆ.

ನಾಳೆ ಬರೆಯುವ ಈ ಬ್ಯಾಚಿನ ಮೇಲೆ ನನಗೆ ವಿಶೇಷ ಕಾಳಜಿ. ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಎಂಟರವರೆಗೆ ಇಂಗ್ಲಿಷ್ ಮಾಧ್ಯಮ ತಂದದ್ದು 2022–23ರಲ್ಲಿ. ಅಂದು ಎಂಟರಲ್ಲಿದ್ದವರೇ ಇಂದು ಹತ್ತರಲ್ಲಿರುವವರು. ಪುಸ್ತಕ ತೆರೆದರೆ ಒಂದು ಪುಟ ಇಂಗ್ಲಿಷ್, ಎದುರಿನ ಪುಟ ತೆಲುಗು. ಮನೆಯಲ್ಲಿ ಕನ್ನಡವೋ ಉರ್ದುವೋ ಲಂಬಾಣಿಯೋ ಆಡುವ ಮಗುವಿಗೆ ಎರಡೂ ಪುಟ ಪರರವು. ಅದರ ಮೇಲೆ ಈ ವರ್ಷ ಗ್ರೇಡ್ ಪಾಯಿಂಟ್ ಸರಾಸರಿ ತೆಗೆದುಹಾಕಿ ಮತ್ತೆ ಅಂಕ ಕೊಡುತ್ತಾರೆ. ಅಂಕ ಬಂದ ಮೇಲೆ ಯಾರು ಎಲ್ಲಿ ಎಂಬುದು ಮುಚ್ಚಿಡಲಿಕ್ಕಾಗದು.

ರಾತ್ರಿ ಚಿಕ್ಕಮ್ಮನ ಮಗಳು ಸೇಡಂನಿಂದ ಫೋನ್ ಮಾಡಿದ್ದಳು. ಅಲ್ಲಿನ ಹೈಸ್ಕೂಲಿನಲ್ಲಿ ಅವಳೂ ಟೀಚರ್. “ಅಕ್ಕಾ, ನಿಮ್ಮ ಕಡಿ ತಯಾರಿ ಹೆಂಗದ?” “ನಿಮ್ಮ ಕಡಿ ಹೆಂಗದ?” ಇಬ್ಬರದೂ ಒಂದೇ ನಗು. ಕರ್ನಾಟಕದ ಎಸ್ಸೆಸ್ಸೆಲ್ಸಿಯೂ ನಮ್ಮ ಎಸ್ಸೆಸ್ಸಿಯೂ ನಾಳೆಯೇ ಶುರು. ಅಲ್ಲಿ ಕೋಣೆ ಕೋಣೆಗೂ ಕ್ಯಾಮೆರಾ, ವೆಬ್‌ಕಾಸ್ಟಿಂಗ್. “ಹುಡುಗರು ಕ್ಯಾಮೆರಾ ನೋಡಿನೇ ಅರ್ಧ ಮರೀತಾವ ಅಕ್ಕಾ” ಅಂದಳು.

ಫೋನ್ ಇಟ್ಟ ಮೇಲೆ ಅಜ್ಜನ ಮಾತು ನೆನಪಾಯಿತು. ಅಜ್ಜನ ಕಾಲಕ್ಕೆ ತಾಂಡೂರೂ ಕೊಡಂಗಲ್ಲೂ ಗುಲಬರ್ಗಾ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕು ಬಿಟ್ಟು. ಅತ್ತ ಬೀದರ್ ಜಿಲ್ಲೆಯಿಂದ ನಾರಾಯಣಖೇಡ, ಜಹೀರಾಬಾದಿನ ಬಹುಪಾಲು ಇದೇ ರೀತಿ ಆಂಧ್ರಕ್ಕೆ ಬಂದವು. ನಾವು ಮೊದಲು ಹೈದರಾಬಾದ್ ಜಿಲ್ಲೆ, ಆಮೇಲೆ ರಂಗಾರೆಡ್ಡಿ, 2016ರಿಂದ ವಿಕಾರಾಬಾದ್. ಕಾಗ್ನಾ ಹೊಳೆ ಮಾತ್ರ ಯಾವ ಗೆರೆಯನ್ನೂ ಕೇಳದೆ ಇಲ್ಲಿಂದ ಸೇಡಂ, ಮಳಖೇಡದ ಕಡೆಗೆ ಹರಿಯುತ್ತದೆ. ರೈಲೂ ಹಾಗೆಯೇ. ನಾನು ಕನ್ನಡ ಬರೆಯಲು ಕಲಿತದ್ದು ಕೂಡ ಆ ರೈಲಿನ ದಯೆಯಿಂದ, ಬೇಸಿಗೆ ರಜೆಗೆ ಸೇಡಂನ ಸೋದರಮಾವನ ಮನೆಗೆ ಹೋದಾಗ.

ಮಾರ್ಚ್ 21, ಶುಕ್ರವಾರ

ಮೊದಲ ಪತ್ರಿಕೆ. ಎಲ್ಲರೂ ಬಂದಿದ್ದರು, ಒಬ್ಬನೂ ತಪ್ಪಿಲ್ಲ. ಇದನ್ನು ಯಾರೂ ಸಾಧನೆಯೆಂದು ಬರೆದುಕೊಳ್ಳುವುದಿಲ್ಲ, ನಾನು ಬರೆದುಕೊಳ್ಳುತ್ತೇನೆ.

ಡ್ಯೂಟಿಗೆ ಹೋದರೆ ಮೊಬೈಲನ್ನು ಮೊದಲು ಪೆಟ್ಟಿಗೆಗೆ ಹಾಕಿಸುತ್ತಾರೆ. ನಮ್ಮೂರಲ್ಲಿ ಅದಕ್ಕೊಂದು ಇತಿಹಾಸ ಇದೆ. 2023ರ ಏಪ್ರಿಲ್ 3ರಂದು, ಪರೀಕ್ಷೆಯ ಮೊದಲ ದಿನವೇ, ತಾಂಡೂರಿನ ಒಂದು ಕೇಂದ್ರದಿಂದ ತೆಲುಗು ಪತ್ರಿಕೆಯ ಫೋಟೊ ವಾಟ್ಸಾಪ್‌ಗೆ ಹೋಗಿತ್ತು. ಆ ದಿನ ಇಡೀ ರಾಜ್ಯದ ಟಿವಿ ನಮ್ಮೂರ ಹೆಸರು ಹೇಳಿತು. ಎರಡು ವರ್ಷ ಕಳೆದರೂ ಬೇರೆ ಜಿಲ್ಲೆಯ ಮೇಷ್ಟ್ರುಗಳಿಗೆ ತಾಂಡೂರು ಅಂದರೆ ಮೊದಲು ನೆನಪಾಗುವುದು ಅದೇ. ತೊಗರಿಬೇಳೆ ಆಮೇಲೆ.

ಮಾರ್ಚ್ 26, ಬುಧವಾರ

ಗಣಿತ. ಗಣಿತದ ದಿನ ಗಣಿತದ ಮೇಷ್ಟ್ರನ್ನು ಕೋಣೆಗೆ ಹಾಕುವುದಿಲ್ಲ. ಹನ್ನೆರಡೂವರೆಯವರೆಗೆ ಶಾಲೆಯಲ್ಲಿ ಆರನೆಯವರಿಗೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು.

ಬಿಟ್ಟ ಮೇಲೆ ಕೇಂದ್ರದ ಗೇಟಿಗೆ ಹೋದೆ. ಗ್ರಾಫ್ ಬಂದಿತ್ತು. ರಚನೆ ಬಂದಿತ್ತು. ಪಾಲಿಶ್ ಯೂನಿಟ್‌ನ ಹುಡುಗ ಪೆನ್ಸಿಲ್ ಇನ್ನೂ ಕಿವಿಗೆ ಸಿಕ್ಕಿಸಿಕೊಂಡೇ ಬಂದ. ಎಷ್ಟು ಬರಬಹುದು ಎಂದೆ. ಮನಸ್ಸಿನಲ್ಲೇ ಕೂಡಿಸಿ, “ಮೂವತ್ತಮೂರು ಬರಬಹುದು ಟೀಚರ್, ಒಡದದ್ದು ಕಳದ್ರ ಇಪ್ಪತ್ತೊಂಬತ್ತು” ಅಂದ. ಬಶೀರಾಬಾದಿನ ಹುಡುಗಿ ಪತ್ರಿಕೆ ಸುಲಭ ಇತ್ತು ಅಂದಳು, ಆದರೆ ನಾಡಿದ್ದಿನ ಭೌತವಿಜ್ಞಾನಕ್ಕೆ ಹೆದರಿಕೆ. ಅಜ್ಜಿಗೆ ಎರಡು ದಿನದಿಂದ ಜ್ವರ, ಓದಲಿಕ್ಕಾಗಿಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ನಾಳೆ ರಂಜಾನ್. ನಿನ್ನೆ ಜೀವವಿಜ್ಞಾನ ಮುಗಿದಿದೆ, ಏಪ್ರಿಲ್ 2ಕ್ಕೆ ಸಮಾಜ. ಎರಡೂ ಹಬ್ಬ ಪರೀಕ್ಷೆಯ ಮಧ್ಯೆ ಬಂದು ಕೂತಿವೆ. ಎಲ್ಲ ಶಾಲೆಗಳಲ್ಲಿ ಆಗುವಂತೆ ನಮ್ಮಲ್ಲೂ ಕೊನೆಯ ಪತ್ರಿಕೆಗೆ ಮುಂಚಿನ ರಜೆ ಅಪಾಯದ್ದು, ಅರ್ಧ ತರಗತಿ ಆಗಲೇ ಪರೀಕ್ಷೆ ಮುಗಿಯಿತೆಂದುಕೊಳ್ಳುತ್ತದೆ.

ಮನೆಯಲ್ಲಿ ಅಮ್ಮ ನಮ್ಮ ಕಡೆಯ ಬೇವು ಮಾಡಿದಳು. ಹೊಸ ಗಡಿಗೆಯಲ್ಲಿ ಹುಣಸೆ, ಬೆಲ್ಲ, ಮಾವಿನಕಾಯಿ, ಪುಟಾಣಿ, ಒಣದ್ರಾಕ್ಷಿ, ಮೇಲೆ ನಾಲ್ಕು ಬೇವಿನ ಹೂ. ಲೋಟದಲ್ಲಿ ಕುಡಿಯುವುದು. ಪಕ್ಕದ ಮನೆಯವರ ಪಚ್ಚಡಿ ಖಾರವಾಗಿ ಬಂತು, ನಮ್ಮದು ಅವರಿಗೆ ಹೋಯಿತು. ಸಂಜೆ ಹುಡುಗರ ಮನೆಗಳ ಕಡೆ ಸುತ್ತು ಹೊಡೆದೆ. ಎಲ್ಲೆಡೆ ಬೇವು ಕುಡಿಸಿದರು, ಒಂದು ಮನೆಯಲ್ಲಿ ಚಂದ್ರ ಕಂಡ ಸುದ್ದಿಗೆ ಶೀರ್‌ಖುರ್ಮಾದ ಶ್ಯಾವಿಗೆ ಹುರಿಯುತ್ತಿದ್ದರು. ಭಾರತದ ನಕ್ಷೆಯಲ್ಲಿ ಗೋದಾವರಿ ಗುರುತಿಸಲು ಬರುತ್ತದೆಯೇ ಎಂದು ಒಬ್ಬನನ್ನು ಅಂಗಳದಲ್ಲೇ ಕೇಳಿದೆ. ಅವನ ಅಮ್ಮ, “ಹಬ್ಬದ ದಿನಾನೂ ಬಿಡಂಗಿಲ್ಲೇನ್ರೀ ಟೀಚರ್?” ಅಂದಳು.

ಏಪ್ರಿಲ್ 23, ಬುಧವಾರ

ಕೊನೆಯ ಕೆಲಸದ ದಿನ. ಪ್ರೋಗ್ರೆಸ್ ಕಾರ್ಡ್ ಹಂಚಿ, ಪೋಷಕರ ಸಭೆ ಮಾಡಿ, ಜೂನ್ 12ಕ್ಕೆ ಬನ್ನಿ ಎಂದು ಕಳಿಸಿದೆವು.

ನಮ್ಮೂರ ಭದ್ರೇಶ್ವರ ಜಾತ್ರೆಯ ನೆಪದಲ್ಲಿ ಬಂದ ನೆಂಟರೆಲ್ಲ ಸಭೆಗೂ ಬಂದಂತೆ ಕಂಡಿತು, ಅಪ್ಪನ ಬದಲು ಮಾವ, ಅಮ್ಮನ ಬದಲು ದೊಡ್ಡಮ್ಮ. ಒಂಬತ್ತನೆಯ ಒಬ್ಬಳು ರಾಷ್ಟ್ರೀಯ ಆದಾಯ ಹಾಗೂ ಪ್ರತಿಭಾ ವಿದ್ಯಾರ್ಥಿವೇತನಕ್ಕೆ (ಎನ್‌ಎಂಎಂಎಸ್) ಹೋದ ವರ್ಷ ಆಯ್ಕೆಯಾದವಳು. ವರ್ಷಕ್ಕೆ ₹12,000, ಒಂಬತ್ತರಿಂದ ಇಂಟರ್ ಎರಡನೇ ವರ್ಷದವರೆಗೆ. ಎಂಟನೆಯಲ್ಲಿ ಪರೀಕ್ಷೆ, ತೊಂಬತ್ತು ಪ್ರಶ್ನೆ ಬುದ್ಧಿಶಕ್ತಿಗೆ, ತೊಂಬತ್ತು ಪಾಠಕ್ಕೆ. ಗೆದ್ದದ್ದು ಸುಲಭದ ಭಾಗ. ಬ್ಯಾಂಕ್ ಖಾತೆ, ಆಧಾರ್ ಜೋಡಣೆ, ಆದಾಯ ಪ್ರಮಾಣಪತ್ರ, ವರ್ಷ ವರ್ಷ ಪೋರ್ಟಲಿನಲ್ಲಿ ನವೀಕರಣ, ಇವೆಲ್ಲ ದಾಟಬೇಕು. ಆಧಾರಿನಲ್ಲಿ ಅವಳ ಅಪ್ಪನ ಹೆಸರಿನ ಒಂದು ಅಕ್ಷರ ಬೇರೆ. ಆ ಒಂದು ಅಕ್ಷರಕ್ಕೆ ಅಪ್ಪ ಎರಡು ದಿನದ ಕೂಲಿ ಬಿಟ್ಟು ಮೀಸೇವಾ ಕೇಂದ್ರದಲ್ಲಿ ಸಾಲಿಗೆ ನಿಂತಿದ್ದಾನೆ. ಬಡ ಮಕ್ಕಳಿಗೆ ಕೊಡುವ ಹಣಕ್ಕೆ ಬಡವರೇ ಇಷ್ಟು ಮುಂಗಡ ಹಾಕಬೇಕಾದದ್ದು ಯಾಕೆ ಎಂದು ಕೇಳಲು ಸಭೆಯಲ್ಲಿ ಮೇಲಧಿಕಾರಿಗಳು ಯಾರೂ ಇರಲಿಲ್ಲ.

ಏಪ್ರಿಲ್ 30, ಬುಧವಾರ

ಫಲಿತಾಂಶ. ಹೈದರಾಬಾದಿನ ರವೀಂದ್ರ ಭಾರತಿಯಲ್ಲಿ ಮುಖ್ಯಮಂತ್ರಿ ರೇವಂತ್ ರೆಡ್ಡಿಯವರು ಬಿಡುಗಡೆ ಮಾಡಿದರು. ರಾಜ್ಯದ್ದು 92.78. ಹುಡುಗಿಯರು 94.26, ಹುಡುಗರು 91.32. ಮೊದಲು ಮಹಬೂಬಾಬಾದ್, 99.29. ಮೂವತ್ತಮೂರು ಜಿಲ್ಲೆಗಳ ಪಟ್ಟಿಯ ಮೂವತ್ತಮೂರನೇ ಸಾಲು ವಿಕಾರಾಬಾದ್, 73.97.

ಹೋದ ವರ್ಷವೂ ಇದೇ ಸಾಲು. ಅದರ ಹಿಂದಿನ ವರ್ಷವೂ. ಟಿವಿಯಲ್ಲಿ ಒಬ್ಬ, “ಮುಖ್ಯಮಂತ್ರಿಗಳ ಕ್ಷೇತ್ರ ಕೊಡಂಗಲ್ ಇರುವ ಜಿಲ್ಲೆಯೇ ಕಡೆಗೆ” ಎಂದು ಖುಷಿಪಟ್ಟು ಹೇಳುತ್ತಿದ್ದ. ನಾನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದೆ: 2023, 59.46. 2024, 65.10. 2025, 73.97. ಎರಡು ವರ್ಷದಲ್ಲಿ ಹದಿನಾಲ್ಕೂವರೆ. ಅದೇ ಎರಡು ವರ್ಷದಲ್ಲಿ ರಾಜ್ಯ 86.60ರಿಂದ 92.78ಕ್ಕೆ ಬಂದಿದೆ, ಆರು. ಮೂವತ್ತಮೂರು ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿದರೆ ಯಾರಾದರೊಬ್ಬರು ಮೂವತ್ತಮೂರನೆಯವರಾಗಲೇಬೇಕು. 73.97 ಒಳ್ಳೆಯ ಅಂಕಿ ಎಂದು ನಾನು ಹೇಳುವುದಿಲ್ಲ, ನಾಲ್ಕರಲ್ಲೊಂದು ಮಗು ನಪಾಸು. ಆದರೆ ಎರಡು ವರ್ಷದ ಹಿಂದೆ ಐದರಲ್ಲಿ ಎರಡು ಮಗು ನಪಾಸಾಗುತ್ತಿದ್ದವು. ಆ ವ್ಯತ್ಯಾಸದೊಳಗೆ ಇರುವುದು ಸಂಜೆಯ ಅಲಸಂದೆ, ಯೂನಿಟ್‌ಗೆ ಹೋಗಿ ಕರೆತಂದ ಹುಡುಗರು, ಮಾತು ಉಳಿಸಿಕೊಂಡ ಅಪ್ಪಂದಿರು. ಪಟ್ಟಿಗೆ ಅದಕ್ಕೊಂದು ಕಾಲಂ ಇಲ್ಲ.

ನಮ್ಮ ಶಾಲೆಯಲ್ಲಿ ಏಳು ಜನ ನಪಾಸು. ಪಾಲಿಶ್ ಯೂನಿಟ್‌ನ ಹುಡುಗ ಎಲ್ಲದರಲ್ಲೂ ಪಾಸು, ಗಣಿತದ ಹೊರಗಿನ ಪರೀಕ್ಷೆಯಲ್ಲಿ 31. ಅವನ ಅಂದಾಜಿಗಿಂತ ಕಡಿಮೆ ಒಡೆದಿದೆ. ಹೆಚ್ಚು ಅಂಕ ಬಂದವಳು ದರ್ಜಿಯ ಮಗಳು, ಬಾಸರದ ಟ್ರಿಪಲ್ ಐಟಿಗೆ ಅರ್ಜಿ ಹಾಕಿಸಬೇಕು.

ಬಶೀರಾಬಾದಿನ ಹುಡುಗಿ ವಿಜ್ಞಾನದಲ್ಲಿ ಹೋಗಿದ್ದಾಳೆ. ಎರಡೂ ಪತ್ರಿಕೆ ಸೇರಿ 28 ಬೇಕಿತ್ತು, 26 ಬಂದಿದೆ. ಗಣಿತದಲ್ಲಿ 61.

ಮೇ 2, ಶುಕ್ರವಾರ

ಇಂದು ಕರ್ನಾಟಕದ ಫಲಿತಾಂಶ. ಮೊದಲು ದಕ್ಷಿಣ ಕನ್ನಡ, 91.12. ಕೊನೆಗೆ ಕಲಬುರಗಿ, 42.43.

ಸೇಡಂನ ತಂಗಿ ಫೋನ್ ಮಾಡಿ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಕ್ಕಾ, ನೀವೂ ಕಡೀಕ, ನಾವೂ ಕಡೀಕ.” ಎರಡು ರಾಜ್ಯ, ಎರಡು ಬೋರ್ಡು, ಎರಡು ಭಾಷೆಯ ಪ್ರಶ್ನೆಪತ್ರಿಕೆ. ಕೊನೆಯ ಸಾಲಿನಲ್ಲಿ ಮಾತ್ರ 1956ಕ್ಕೆ ಮೊದಲಿನ ಗುಲಬರ್ಗಾ ಜಿಲ್ಲೆ ಮತ್ತೆ ಅಕ್ಕಪಕ್ಕ ಬಂದಿದೆ. ಆ ಕಡೆಯವರಿಗೆ ಸಂವಿಧಾನದ 371(ಜೆ) ವಿಧಿ ಇದೆ, ವಿಶೇಷ ಅನುದಾನ ಇದೆ. ಈ ಕಡೆ ನಮಗೆ ಹೈದರಾಬಾದ್ ಹತ್ತಿರ ಇದೆ. ಎರಡೂ ಕಡೆ ಒಂದೇ ಒಣಭೂಮಿ, ಒಂದೇ ತೊಗರಿ, ಒಂದೇ ಫರ್ಸಿ, ಒಂದೇ ಪುಣೆ–ಮುಂಬೈ ರೈಲು. ಮಂಗಳೂರಿನ ಮಗು ಮಾರ್ಚಿನಲ್ಲಿ ಮನೆಯಲ್ಲಿರುತ್ತದೆ, ಮನೆಯಲ್ಲಿ ದೊಡ್ಡವರೂ ಇರುತ್ತಾರೆ. ನಮ್ಮ ಕಡೆ ಅದೇ ತಿಂಗಳು ಮನೆ ಖಾಲಿ. ಮೇಷ್ಟ್ರುಗಳು ಪಾಠ ಮಾಡುವುದಿಲ್ಲ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯ ಇರಬಹುದು, ಆದರೆ ಗೆರೆಯ ಎರಡೂ ಬದಿಯ ಮೇಷ್ಟ್ರುಗಳು ಒಟ್ಟಿಗೆ ಸೋಮಾರಿಗಳಾದರು ಅನ್ನುವುದನ್ನು ನಂಬುವುದು ಕಷ್ಟ.

ತಂಗಿಯದು ಮೇ 26ಕ್ಕೆ ಎರಡನೇ ಪರೀಕ್ಷೆ. ನಮ್ಮದು ಜೂನ್ 3ರಿಂದ 13ರವರೆಗೆ. “ನಿನ್ನ ವಿಜ್ಞಾನದ ನೋಟ್ಸ್ ಕಳಿಸು” ಅಂದೆ. ಕನ್ನಡದಲ್ಲಿ ಇರುವುದೇ ಬೇಕು, ಬಶೀರಾಬಾದಿನ ಹುಡುಗಿಗೆ ಒಮ್ಮೆ ಕನ್ನಡದಲ್ಲಿ ತಿಳಿದರೆ ಇಂಗ್ಲಿಷಿನಲ್ಲಿ ಬರೆಯುವುದನ್ನು ನಾನು ನೋಡಿಕೊಳ್ಳುತ್ತೇನೆ.

ಮೇ 9, ಶುಕ್ರವಾರ

ಏಳರಲ್ಲಿ ಐದು ಜನ ಫೀಸು ಕಟ್ಟಿದರು. ಒಬ್ಬ ಇನ್ನು ಓದುವುದಿಲ್ಲ ಅನ್ನುತ್ತಾನೆ, ಪಿಇಟಿ ಸರ್ ಅವನ ಹಿಂದೆ ಬಿದ್ದಿದ್ದಾರೆ. ಉಳಿದವಳು ಬಶೀರಾಬಾದಿನವಳು. ಫಲಿತಾಂಶ ಬಂದ ಮರುದಿನವೇ ಪುಣೆಗೆ ಹೋಗಿಬಿಟ್ಟಳಂತೆ, ಅಜ್ಜಿ ಹೇಳಿದಳು. ಅಲ್ಲಿ ತಮ್ಮನನ್ನು ನೋಡಿಕೊಳ್ಳುತ್ತ, ಅಮ್ಮನ ಜೊತೆ ಇಟ್ಟಿಗೆ ಎತ್ತುತ್ತ ಇದ್ದಾಳೆ.

ಎರಡು ಅಂಕಕ್ಕೆ ಮರುಪರಿಶೀಲನೆ ಹಾಕಿಸೋಣವೇ ಎಂದು ಸ್ಟಾಫ್‌ರೂಮಿನಲ್ಲಿ ಮಾತಾಯಿತು. ಮರುಎಣಿಕೆಗೆ ₹500, ಉತ್ತರಪತ್ರಿಕೆಯ ನಕಲಿನೊಡನೆ ಮರುಪರಿಶೀಲನೆಗೆ ₹1,000. ನಾವು ನಾಲ್ವರು ಸೇರಿ ಸಾವಿರ ಹಾಕಿದೆವು. ಅದರ ಜೊತೆಗೇ ಸಪ್ಲಿಮೆಂಟರಿ ಫೀಸೂ ಕಟ್ಟಿಬಿಡಬೇಕು, ಮೇ 16 ಕಡೆ ದಿನ. ಒಂದನ್ನೇ ನಂಬಿ ಕೂರುವ ಹಾಗಿಲ್ಲ.

ಸಂಜೆ ಅವಳ ಅಮ್ಮನ ನಂಬರು ಸಿಕ್ಕಿತು. ಸೈಟಿನ ಸದ್ದು. ಫೀಸು ನಾವು ಕಟ್ಟುತ್ತೇವೆ, ಹುಡುಗಿಯನ್ನು ಕಳಿಸಿ ಅಂದೆ.

“ಫೇಲ್ ಆದಾಕಿಗಿ ಮತ್ತ ಯಾಕ್ರೀ?”

“ಒಂದೇ ವಿಷಯ. ಎರಡೇ ಅಂಕ. ಗಣಿತದಾಗ ಅರವತ್ತೊಂದು ಬಂದಾವ್ರೀ ಅಕೀಗಿ.”

“ಅರವತ್ತೊಂದು ಅಂದ್ರ ಚಲೋನೇನ್ರೀ?”

“ನಮ್ಮ ಸಾಲ್ಯಾಗ ಅಕೀದೇ ಎರಡನೇದ್ದು.”

ಆ ಕಡೆ ಯಾರನ್ನೋ ಮರಾಠಿಯಲ್ಲಿ ತಡೆಯಲು ಹೇಳಿ, ಮತ್ತೆ ಫೋನಿಗೆ ಬಂದಳು. “ಶನಿವಾರ ಪಗಾರ ಆಗ್ತದ. ಭಾನುವಾರ ರಾತ್ರಿ ರೈಲಿಗಿ ಕುಂದ್ರಸ್ತೀವಿ. ಸ್ಟೇಷನ್ನಿಗಿ ಯಾರರೆ ಬರ್ರಿ, ಅಕಿ ಒಬ್ಬಾಕಿನೇ ಬರ್ತಾಳ.”

ಸೋಮವಾರ ಬೆಳಿಗ್ಗೆ ನಾನೇ ಹೋಗುತ್ತೇನೆ. ಏಳು ಗಂಟೆಗೆ ತರಗತಿ ಇಡಬೇಕು, ಹತ್ತಾದರೆ ಕೋಣೆ ಕಾಯುತ್ತದೆ. ಕೀಲಿ ವಾಚ್‌ಮನ್ ಹತ್ತಿರ. ವಿಜ್ಞಾನದ ಮೇಡಂ ಹದಿನೈದು ದಿನ ಬರಲು ಒಪ್ಪಿದ್ದಾರೆ, ಬಸ್ ಚಾರ್ಜ್ ಕೊಡಬೇಕು. ಕುಡಿಯುವ ನೀರಿಗೆ ಎರಡು ಕ್ಯಾನ್ ಹೇಳುವುದು. ತಂಗಿಯ ನೋಟ್ಸ್ ಇನ್ನೂ ಬಂದಿಲ್ಲ, ನಾಳೆ ಮತ್ತೆ ಫೋನ್ ಮಾಡುವುದು.